ತನ್ನ ಮಾತನ್ನೇ ತಿದ್ದಿದ ರೆಬ್ಬೆ

ಹುತಾತ್ಮರ ಕಥೆಗಳನ್ನು ನಾವು ಹೇಳುವ ರೀತಿಯ ಬಗ್ಗೆ ನನಗೊಂದು ತಕರಾರಿದೆ. ಸಾಯುವಾಗಲೂ ಮುಖದಲ್ಲಿ ನಗು ಇತ್ತು, ನಂಬಿಕೆ ಒಂದು ಚೂರೂ ಅಲುಗಲಿಲ್ಲ, ನೋವನ್ನೆಲ್ಲ ಪ್ರಸಾದದ ಹಾಗೆ ಸ್ವೀಕರಿಸಿದರು ಎನ್ನುತ್ತೇವೆ. ಕೈಮುಗಿದು ಮುಂದೆ ಹೋಗುತ್ತೇವೆ. ಆ ಮನುಷ್ಯ ಒಳಗೆ ಏನು ಅನುಭವಿಸಿದ ಎಂದು ಕೇಳುವುದೇ ಇಲ್ಲ. ಕೇಳಿದರೆ ಕಥೆ ಕೆಡುತ್ತದೆ ಎಂಬ ಭಯವೋ ಏನೋ.

ಇತ್ತೀಚೆಗೆ ಒಬ್ಬ ಯಹೂದಿ ಗುರುವಿನ ಬರಹಗಳನ್ನು ಓದುತ್ತಿದ್ದೇನೆ. ಹೆಸರು ಕಲೊನಿಮಸ್ ಕಲ್ಮನ್ ಶಪಿರಾ. ಪೋಲೆಂಡಿನ ವಾರ್ಸಾ ಹತ್ತಿರದ ಪಿಯಾಸೆಚ್ನೊ ಎಂಬ ಊರಿನ ಧರ್ಮಗುರು ಆಗಿದ್ದರಿಂದ ಪಿಯಾಸೆಚ್ನೊ ರೆಬ್ಬೆ ಎಂದೇ ಹೆಸರಾದರು. ನಾಜಿಗಳ ಕಾಲದಲ್ಲಿ ವಾರ್ಸಾದಲ್ಲಿ, ಆಮೇಲೆ ಯಹೂದಿಗಳನ್ನು ಕೂಡಿಹಾಕಿದ ಅಲ್ಲಿನ ಗೆಟ್ಟೊದೊಳಗೆ, ಒಟ್ಟು ಸುಮಾರು ಮೂರು ವರ್ಷ ಪ್ರವಚನ ಮಾಡಿದವರು. ಅದನ್ನೆಲ್ಲ ಕೈಯಾರೆ ಬರೆದಿಟ್ಟವರು. ಅವರ ಬಗ್ಗೆ ಬರೆಯಲೇಬೇಕು ಅನ್ನಿಸಿದ್ದು ಆ ಪ್ರವಚನಗಳಿಗಿಂತ ಹೆಚ್ಚಾಗಿ ಒಂದು ಪ್ರವಚನದ ಕೆಳಗೆ ಅವರೇ ಸೇರಿಸಿದ ಚಿಕ್ಕ ಟಿಪ್ಪಣಿಗಾಗಿ. ಅದಕ್ಕೆ ಬರುತ್ತೇನೆ. ಮೊದಲು ಮನುಷ್ಯ ಯಾರೆಂದು ಗೊತ್ತಾಗಬೇಕು.

ಹುಟ್ಟಿದ್ದು 1889ರಲ್ಲಿ, ಗ್ರೊಜಿಸ್ಕ್ ಎಂಬ ಪಟ್ಟಣದಲ್ಲಿ. ಹಸಿದಿ ಗುರುಗಳ ಮನೆತನ. ಹಸಿದಿ ಪಂಥ ಎಂದರೆ 18ನೇ ಶತಮಾನದಲ್ಲಿ ಪೂರ್ವ ಯುರೋಪಿನ ಯಹೂದಿಗಳ ನಡುವೆ ಹುಟ್ಟಿದ ಭಕ್ತಿಯ ದಾರಿ. ಓದಿದ ಪಂಡಿತನಿಗೆ ಮಾತ್ರವಲ್ಲ, ಗಾಡಿ ಹೊಡೆಯುವವನಿಗೂ ದೇವರು ಹತ್ತಿರ ಎನ್ನುವ ದಾರಿ. ಹಾಡು, ಕುಣಿತ, ಮೈಮರೆತು ಮಾಡುವ ಪ್ರಾರ್ಥನೆ ಇವೆಲ್ಲ ಅದರಲ್ಲಿವೆ. ಒಳಗಡೆ ಕಬ್ಬಾಲಾ ಎಂಬ ಹಳೆಯ ಅನುಭಾವದ ವಿದ್ಯೆ ಇದೆ. ಒಂದೊಂದು ಬಳಗಕ್ಕೂ ಒಬ್ಬ ರೆಬ್ಬೆ, ಅಂದರೆ ಗುರು. ಸಾಮಾನ್ಯವಾಗಿ ತಂದೆಯಿಂದ ಮಗನಿಗೆ ಆ ಪೀಠ ಬರುತ್ತದೆ. ಇವರಿಗೆ ಮೂರು ವರ್ಷ ಆಗುವಷ್ಟರಲ್ಲಿ ತಂದೆ ತೀರಿಕೊಂಡರು. 20ರ ಹರೆಯದಲ್ಲಿ, 1909ರಲ್ಲಿ, ರೆಬ್ಬೆ ಆದರು. 1913ರಲ್ಲಿ ಪಿಯಾಸೆಚ್ನೊದ ರಬ್ಬಿ, ಅಂದರೆ ಊರಿನ ಧರ್ಮಗುರು ಆದರು.

ಪಿಟೀಲು ನುಡಿಸುತ್ತಿದ್ದರು. ವೈದ್ಯದ ಪುಸ್ತಕಗಳನ್ನು ತಾವೇ ಓದಿ ಕಲಿತಿದ್ದರು, ಕಾಯಿಲೆ ಬಿದ್ದವರು ಅವರ ಹತ್ತಿರ ಬರುತ್ತಿದ್ದರು. ಹೆಂಡತಿ ರಾಖೆಲ್ ಹಾಯಾ ಮಿರಿಯಂ ಕೂಡ ದೊಡ್ಡ ಹಸಿದಿ ಮನೆತನದ ಮಗಳು. ಗಂಡನ ಬರಹಗಳನ್ನು ಸಿದ್ಧಪಡಿಸುವುದರಲ್ಲಿ ಅವರ ಪಾಲು ಇತ್ತು. ಆ ಕಾಲದ ಆ ಸಮಾಜದಲ್ಲಿ ಇದು ಸಣ್ಣ ವಿಷಯವಲ್ಲ. ಅವರು 1937ರಲ್ಲಿ ತೀರಿಕೊಂಡರು.

1923ರಲ್ಲಿ ರೆಬ್ಬೆ ವಾರ್ಸಾದಲ್ಲಿ ಒಂದು ಯೆಶಿವಾ, ಅಂದರೆ ಧರ್ಮಗ್ರಂಥಗಳ ಪಾಠಶಾಲೆ ಕಟ್ಟಿದರು. ಹೆಸರು ದಾಅತ್ ಮೋಶೆ. ಅಲ್ಲಿ ಅವರು ಮಕ್ಕಳಿಗೆ ಕಲಿಸಿದ ರೀತಿಯ ಬಗ್ಗೆ ಬೇರೆಯೇ ಲೇಖನ ಬರೆಯಬಹುದು. ಮೊದಲ ಮಹಾಯುದ್ಧ ಮುಗಿದಿತ್ತು. ಹಳ್ಳಿಗಳನ್ನು ಬಿಟ್ಟು ಬಂದ ಯುವಕರು ನಗರದಲ್ಲಿ ಹಳೆಯ ನಂಬಿಕೆ ಬಿಡುತ್ತಿದ್ದರು. ಆಗಿನ ಬಹಳಷ್ಟು ಗುರುಗಳು ಮಕ್ಕಳನ್ನು ಬೈದರು, ಕಾಲವನ್ನು ಬೈದರು. ಇವರು ಗುರುಗಳ ಕಡೆಗೆ ತಿರುಗಿದರು. ಮಗುವಿನ ಒಳಗೆ ಇಳಿಯದೆ ಮೇಲಿನಿಂದ ಆಜ್ಞೆ ಮಾಡಿದರೆ ಅದು ಶಿಕ್ಷಣವಲ್ಲ ಎಂದರು. ಒಬ್ಬೊಬ್ಬ ಮಗುವಿನ ಸ್ವಭಾವ ಬೇರೆ, ಅದನ್ನು ಹುಡುಕಬೇಕಾದದ್ದು ಕಲಿಸುವವನ ಕೆಲಸ ಎಂದರು. ಕೊನೆಗೆ ಮಗುವೇ ತನಗೆ ತಾನು ಗುರು ಆಗಬೇಕು ಎಂಬುದು ಅವರ ಆಸೆ. 1932ರಲ್ಲಿ ಬಂದ ಅವರ 'ಹೊವತ್ ಹತಲ್ಮಿದಿಮ್' ಪುಸ್ತಕ ಇದನ್ನೆಲ್ಲ ನೇರವಾಗಿ ಹುಡುಗರನ್ನೇ ಕೂರಿಸಿಕೊಂಡು ಮಾತಾಡಿದ ಹಾಗೆ ಹೇಳುತ್ತದೆ. ಇಂದಿಗೂ ಯೆಶಿವಾಗಳಲ್ಲಿ ಅದನ್ನು ಓದುತ್ತಾರೆ. ಅವರ ಬದುಕಿನಲ್ಲಿ ಅಚ್ಚಾದ ದೊಡ್ಡ ಪುಸ್ತಕ ಅದೊಂದೇ.

ಇನ್ನೊಂದು ವಿಷಯ ಹೇಳಲೇಬೇಕು. ಮನಸ್ಸನ್ನು ತಣ್ಣಗಾಗಿಸುವ ಒಂದು ಅಭ್ಯಾಸವನ್ನು ಅವರು ಶಿಷ್ಯರಿಗೆ ಕಲಿಸುತ್ತಿದ್ದರು. ಸುಮ್ಮನೆ ಕೂತು ತನ್ನ ಯೋಚನೆಗಳನ್ನು ನೋಡುತ್ತಾ ಇರುವುದು. ನೋಡುತ್ತಾ ನೋಡುತ್ತಾ ಆ ಓಟ ನಿಧಾನವಾಗುತ್ತದೆ. ಆಗ ಧರ್ಮಗ್ರಂಥದ ಒಂದು ಸಾಲನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಾನು ನಾನು ಎನ್ನುವ ಗದ್ದಲದ ನಡುವೆ ದೇವರ ಮಾತು ಕೇಳಿಸುವುದಿಲ್ಲ, ಗದ್ದಲ ಇಳಿದಾಗ ಜಾಗ ಆಗುತ್ತದೆ ಎಂಬುದು ಅವರ ಯೋಚನೆ. ಪ್ರವಾದಿಗಳ ಕಾಲ ಮುಗಿದಿರಬಹುದು, ಆದರೆ ಅವರ ಅನುಭವದ ಒಂದು ಅಂಶ ಇಂದಿನ ಸಾಮಾನ್ಯ ಮನುಷ್ಯನಿಗೂ ಸಿಗಬಲ್ಲದು ಎಂದು ನಂಬಿದ್ದರು. ಭಾವನೆಗಳನ್ನು ಒತ್ತಿ ಹಿಡಿಯುವ ಸಂತ ಇವರಲ್ಲ. ಮನಸ್ಸಿನಲ್ಲಿ ಏನು ಏಳುತ್ತದೋ ಅದನ್ನು ಗಮನಿಸು, ಅದೇ ಆತ್ಮದ ಬಾಗಿಲು ಎನ್ನುವವರು. ಮುಂದೆ ಆದದ್ದು ಅರ್ಥವಾಗಬೇಕಾದರೆ ಇದು ನೆನಪಿರಬೇಕು.

1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡ್ ಮೇಲೆ ಬಿತ್ತು. ಆ ತಿಂಗಳ ಕೊನೆಯಲ್ಲಿ ವಾರ್ಸಾ ಮೇಲೆ ಬಾಂಬುಗಳ ಮಳೆ. ರೆಬ್ಬೆಯ ಒಬ್ಬನೇ ಮಗ ಎಲಿಮೆಲೆಕ್ ತೀವ್ರವಾಗಿ ಗಾಯಗೊಂಡ. ಆಸ್ಪತ್ರೆಗೆ ಸೇರಿಸಿದರು. ಅವನನ್ನು ನೋಡಿಕೊಳ್ಳಲು ಬಂದು ಆಸ್ಪತ್ರೆಯ ಹತ್ತಿರ ಕಾಯುತ್ತಿದ್ದ ಸೊಸೆ ಮತ್ತು ರೆಬ್ಬೆಯ ನಾದಿನಿ ಮರುದಿನ ಬಾಂಬಿಗೆ ಬಲಿಯಾದರು. ಸೆಪ್ಟೆಂಬರ್ 29ರಂದು, ಸುಕ್ಕೋತ್ ಹಬ್ಬದ ಎರಡನೆಯ ದಿನ, ಮಗನೂ ಹೋದ. ಕೆಲವೇ ವಾರಗಳಲ್ಲಿ ರೆಬ್ಬೆಯ ತಾಯಿಯೂ ತೀರಿಕೊಂಡರು. ಮನೆಯಲ್ಲಿ ಉಳಿದದ್ದು ಮಗಳು ರೆಖಿಲ್ ಒಬ್ಬಳು.

ಇದಾಗಿ ಐದು ವಾರಕ್ಕೆ, ನವೆಂಬರ್ 4ರ ಶಬ್ಬಾತ್ ದಿನ, ಅಂದರೆ ಯಹೂದಿಗಳ ವಾರದ ವಿಶ್ರಾಂತಿಯ ಶನಿವಾರ, ಅವರು ಪ್ರವಚನಕ್ಕೆ ಕೂತರು. ಆ ವಾರ ಓದಬೇಕಾದ ಭಾಗ ಸಾರಾಳ ಸಾವಿನದು. ಅಬ್ರಹಾಮ ತನ್ನ ಮಗ ಇಸಾಕನನ್ನು ದೇವರ ಮಾತಿನಂತೆ ಬಲಿಕೊಡಲು ಕರೆದುಕೊಂಡು ಹೋದ ಕಥೆ ನಿಮಗೆ ಗೊತ್ತಿರಬಹುದು. ಕೊನೆಯ ಗಳಿಗೆಯಲ್ಲಿ ದೇವದೂತ ತಡೆಯುತ್ತಾನೆ. ಮಗು ಬದುಕುತ್ತದೆ. ಆದರೆ ಅದರ ಬೆನ್ನಿಗೇ ಗ್ರಂಥದಲ್ಲಿ ತಾಯಿ ಸಾರಾಳ ಸಾವು ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟದ್ದೇಕೆ? ಸುದ್ದಿ ಕೇಳಿದ ಕೂಡಲೇ ಅವಳ ಪ್ರಾಣ ಹಾರಿಹೋಯಿತು ಎಂದು ಹಳೆಯ ವ್ಯಾಖ್ಯಾನಕಾರರು ಹೇಳಿದ್ದರು.

ರೆಬ್ಬೆ ಅಲ್ಲಿಗೇ ನಿಲ್ಲುವುದಿಲ್ಲ. ನೋವು ಉಪ್ಪಿನ ಹಾಗೆ ಎಂದು ಯಹೂದಿಗಳ ಹಳೆಯ ಧರ್ಮಚರ್ಚೆಗಳ ಗ್ರಂಥ ತಾಲ್ಮುದ್ ಹೇಳುತ್ತದೆ. ಮಾಂಸಕ್ಕೆ ಉಪ್ಪು ರುಚಿ ಕೊಡುವಂತೆ ನೋವು ಮನುಷ್ಯನನ್ನು ಹದಗೊಳಿಸುತ್ತದೆ. ಆದರೆ ಉಪ್ಪು ಜಾಸ್ತಿಯಾದರೆ ಬಾಯಿಗೆ ಇಡಲಾಗುವುದಿಲ್ಲ, ಅಲ್ವಾ? ನೋವಿಗೂ ಅಷ್ಟೇ, ಒಂದು ಅಳತೆ ಬೇಕು. ಅತಿಯಾದ ನೋವನ್ನು ಮನುಷ್ಯ ತಾಳಲಾರ ಎಂದು ದೇವರಿಗೆ ತೋರಿಸಲಿಕ್ಕೇ ಪ್ರವಾದಿ ಮೋಶೆ ಈ ಎರಡು ಘಟನೆಗಳನ್ನು ಒಟ್ಟಿಗೆ ಬರೆದಿಟ್ಟ. ಇಷ್ಟಕ್ಕೇ ಬಿಡದೆ ಇನ್ನೊಂದು ಹೆಜ್ಜೆ ಇಡುತ್ತಾರೆ. ಸಾರಾ ತನ್ನ ಸಾವಿನ ಮೂಲಕವೇ ದೇವರ ಎದುರು ಒಂದು ವಾದ ಮಂಡಿಸಿದಳು. ತನಗಾಗಿ ಅಲ್ಲ, ಮುಂದೆ ಬರುವ ಮಕ್ಕಳಿಗಾಗಿ.

ಮಗನನ್ನು ಮಣ್ಣು ಮಾಡಿ ಬಂದ ಅಪ್ಪ ಈ ಮಾತು ಹೇಳುತ್ತಿದ್ದಾನೆ. ತನ್ನ ಮಗನ ಹೆಸರೆತ್ತುವುದಿಲ್ಲ. ಅಬ್ರಹಾಮನ ನಂಬಿಕೆಯನ್ನು ಹೊಗಳಿ ಮುಗಿಸುವುದು ಸುಲಭವಿತ್ತು. ಅವರು ಸಾರಾಳ ಪಕ್ಕ ಹೋಗಿ ನಿಂತರು. ಈ ಒಂದು ಆಯ್ಕೆಗಾಗಿಯೇ ನಾನು ಅವರನ್ನು ಗುರು ಎಂದು ಕರೆಯಲು ತಯಾರಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಚಿಕ್ಕಮ್ಮನ ಮಗ ಚಿಕ್ಕ ವಯಸ್ಸಿನಲ್ಲಿ ಹೋದ. ಮನೆಗೆ ಬಂದವರೆಲ್ಲ ಹೇಳುತ್ತಿದ್ದದ್ದು ಎರಡೇ ಮಾತು. "ಋಣ ಅಷ್ಟೇ ಇತ್ತು ಬಿಡಿ." "ಒಳ್ಳೆಯವರನ್ನೇ ದೇವರು ಬೇಗ ಕರೆಸಿಕೊಳ್ಳೋದು." ಹೇಳಿದವರು ಕೆಟ್ಟವರಲ್ಲ. ಆದರೆ ಪ್ರತಿ ಸಲ ಆ ಮಾತು ಬಂದಾಗ ಚಿಕ್ಕಮ್ಮನ ಮುಖ ಇನ್ನಷ್ಟು ಮುಚ್ಚಿಕೊಳ್ಳುತ್ತಿತ್ತು. ತನ್ನ ನೋವಿಗೆ ಒಂದು ಕಾರಣ ಕೊಟ್ಟು ಎಲ್ಲರೂ ಸಮಾಧಾನ ಮಾಡಿಕೊಂಡು ಹೊರಟುಹೋದರೆ ನೋವು ಮಾತ್ರ ಅವಳ ಹತ್ತಿರವೇ ಉಳಿಯುತ್ತದೆ. ರೆಬ್ಬೆಯ ಸಾರಾಳನ್ನು ಓದುವಾಗ ನನಗೆ ಚಿಕ್ಕಮ್ಮ ನೆನಪಾದರು. ಇದು ಜಾಸ್ತಿಯಾಯಿತು ಎಂದು ದೇವರಿಗೆ ಹೇಳುವ ಹಕ್ಕು ಭಕ್ತನಿಗೂ ಇದೆ ಎಂದು ಯಾರಾದರೂ ಆಗ ಅವರಿಗೆ ಹೇಳಬೇಕಿತ್ತು.

1940ರ ನವೆಂಬರ್‌ನಲ್ಲಿ ಗೆಟ್ಟೊದ ಬಾಗಿಲು ಮುಚ್ಚಿತು. ಮೂರೂವರೆ ಚದರ ಕಿಲೋಮೀಟರಿಗೂ ಕಡಿಮೆ ಜಾಗದಲ್ಲಿ ನಾಲ್ಕು ಲಕ್ಷಕ್ಕೂ ಮೀರಿ ಜನ. ಒಬ್ಬ ಯಹೂದಿಗೆ ಅಧಿಕೃತವಾಗಿ ಸಿಗುತ್ತಿದ್ದ ಪಡಿತರ ದಿನಕ್ಕೆ 200 ಕ್ಯಾಲೊರಿಗೂ ಕಡಿಮೆ. ಹಸಿವು ಮತ್ತು ಟೈಫಸ್ ಜ್ವರದಿಂದ 1942ರ ಬೇಸಿಗೆಯೊಳಗೆ ಸುಮಾರು 80 ಸಾವಿರ ಜನ ಸತ್ತರು. ರೆಬ್ಬೆಯ ಮನೆ ದ್ಜೆಲ್ನಾ ಬೀದಿಯ 5ನೇ ನಂಬರು, ಗೆಟ್ಟೊದೊಳಗೇ ಇತ್ತು. ಅಲ್ಲೇ ಪ್ರಾರ್ಥನೆ, ಅಲ್ಲೇ ಹಸಿದವರಿಗೆ ಅಡುಗೆ. ಸಾಮೂಹಿಕ ಪ್ರಾರ್ಥನೆಯನ್ನು ಜರ್ಮನ್ನರು ನಿಷೇಧಿಸಿದ್ದರು. ಆದರೂ ಶಬ್ಬಾತ್, ಹಬ್ಬ ಬಂದಾಗ ರೆಬ್ಬೆ ಜನರ ಮನೆಮಾತಾದ ಯಿದ್ದಿಶ್‌ನಲ್ಲಿ ಮಾತಾಡುತ್ತಿದ್ದರು. ಶಬ್ಬಾತ್ ದಿನ ಬರೆಯುವ ಹಾಗಿಲ್ಲ. ಸಂಜೆ ಕಳೆದ ಮೇಲೆ ನೆನಪಿನಿಂದ ಹೀಬ್ರೂನಲ್ಲಿ ಬರೆದಿಡುತ್ತಿದ್ದರು.

ಆ ಪುಟಗಳಲ್ಲಿ ಒಂದು ವಿಚಿತ್ರ ಇದೆ. ನಾಜಿ ಎಂಬ ಪದ ಇಲ್ಲ. ಜರ್ಮನ್ ಎಂಬ ಪದ ಇಲ್ಲ. ಅವರು ಮಾತಾಡುವುದು ಧರ್ಮಗ್ರಂಥದಲ್ಲಿ ಯಹೂದಿಗಳನ್ನು ಕಾಡಿದ ಫರೋಹನ ಬಗ್ಗೆ, ಅಮಾಲೇಕನ ಬಗ್ಗೆ, ಸಾರಾ, ಯಾಕೋಬ, ಮೋಶೆಯ ಬಗ್ಗೆ. ಕೇಳುತ್ತಿದ್ದವರಿಗೆ ಎಲ್ಲಾ ಅರ್ಥವಾಗುತ್ತಿತ್ತು. ಮೊದಮೊದಲು ಧೈರ್ಯ ಹೇಳುತ್ತಾರೆ, ನಮ್ಮ ತಪ್ಪುಗಳನ್ನು ನೋಡಿಕೊಳ್ಳೋಣ ಎನ್ನುತ್ತಾರೆ. ದಿನ ಕಳೆದಂತೆ ದನಿ ಬದಲಾಗುತ್ತದೆ. ಪಾಪಕ್ಕೆ ಶಿಕ್ಷೆ ಎಂಬ ವಿವರಣೆ ಹಿಂದೆ ಸರಿಯುತ್ತದೆ. ಮನುಷ್ಯ ಎಷ್ಟು ತುಳಿಸಿಕೊಂಡಿದ್ದಾನೆ ಎಂದರೆ ಅಳುವುದಕ್ಕೂ ಅವನೊಳಗೆ ಯಾರೂ ಉಳಿದಿಲ್ಲ ಎನ್ನುವ ಮಾತು ಬರುತ್ತದೆ. ಮನಸ್ಸಿನಲ್ಲಿ ಏಳುವುದನ್ನೆಲ್ಲ ಗಮನಿಸು ಎಂದು ಜೀವನವಿಡೀ ಕಲಿಸಿದ ಮನುಷ್ಯ ಈಗ ಏನೂ ಏಳದ ಮನಸ್ಸನ್ನೂ ಅಷ್ಟೇ ಪ್ರಾಮಾಣಿಕವಾಗಿ ಗಮನಿಸಿ ಹೇಳುತ್ತಿದ್ದಾರೆ.

1942ರ ಫೆಬ್ರವರಿ, ಮಾರ್ಚ್ ಹೊತ್ತಿಗೆ ಅವರು ತಲುಪಿದ ಜಾಗ ಅನುಭಾವದ ಸಾಹಿತ್ಯದಲ್ಲೇ ಅಪರೂಪದ್ದು ಅನ್ನಿಸುತ್ತದೆ. ತಾಲ್ಮುದ್‌ನಲ್ಲಿ ಒಂದು ಪ್ರಶ್ನೆ ಇದೆ. ದೇವರ ಸನ್ನಿಧಿಯಲ್ಲಿ ಬರೀ ಬಲ ಮತ್ತು ಸಂತೋಷ ಎಂದು ಗ್ರಂಥ ಹೇಳುತ್ತದೆ. ಹಾಗಾದರೆ ದೇವರು ಅಳುತ್ತಾನೆ ಎಂದು ಪ್ರವಾದಿ ಯೆರೆಮೀಯನ ಗ್ರಂಥದಲ್ಲಿ ಬರುವುದು ಹೇಗೆ? ಹೊರಗಿನ ಕೋಣೆಗಳಲ್ಲಿ ಸಂತೋಷ, ಒಳಗಿನ ಕೋಣೆಯಲ್ಲಿ ಅಳು ಎಂಬುದು ಅಲ್ಲಿನ ಉತ್ತರ. ರೆಬ್ಬೆ ಇದನ್ನು ಗೆಟ್ಟೊದ ನಡುವೆ ಕೈಗೆತ್ತಿಕೊಳ್ಳುತ್ತಾರೆ. ದೇವರು ಮುಖ ಮರೆಸಿಕೊಂಡಿದ್ದಾನೆ ಎಂದು ಎಲ್ಲರೂ ಹೇಳುತ್ತಾರೆ. ಯಾಕೆ ಮರೆಸಿಕೊಂಡ? ಕೋಪದಿಂದಲ್ಲ. ಅವನ ನೋವು ಅವನಷ್ಟೇ ಅಪಾರ. ಅದರ ಒಂದು ಹನಿ ಹೊರಗೆ ಬಿದ್ದರೂ ಈ ಜಗತ್ತು ಉಳಿಯುವುದಿಲ್ಲ. ಆದ್ದರಿಂದ ಯಾರಿಗೂ ಪ್ರವೇಶವಿಲ್ಲದ ಕೋಣೆಗೆ ಹೋಗಿ ಅಳುತ್ತಿದ್ದಾನೆ.

ಇಲ್ಲಿಗೆ ಮುಗಿಯಲಿಲ್ಲ. ಮನುಷ್ಯನೂ ಆ ಕೋಣೆಯೊಳಗೆ ಹೋಗಬಹುದು ಎನ್ನುತ್ತಾರೆ. ಗ್ರಂಥ ಓದುತ್ತಾ, ಪ್ರಾರ್ಥಿಸುತ್ತಾ, ಒಳಕ್ಕೆ ನುಗ್ಗಿ ದೇವರ ಜೊತೆ ಕೂತು ಅಳಬಹುದು. ನಾನೊಬ್ಬನೇ ಅಳುವ ಅಳು ನನ್ನನ್ನು ಮುರಿದುಹಾಕುತ್ತದೆ. ಅವನ ಜೊತೆ ಅಳುವ ಅಳು ಎದ್ದು ಕೆಲಸ ಮಾಡುವ ಬಲ ಕೊಡುತ್ತದೆ. ಗಮನಿಸಿ, ಇಲ್ಲಿ ನೋವಿಗೆ ಕಾರಣ ಕೊಟ್ಟಿಲ್ಲ. ಇದು ಒಳ್ಳೆಯದಕ್ಕೇ ಆಯಿತು ಎಂದಿಲ್ಲ. ಎಲ್ಲವನ್ನೂ ನಡೆಸುವ ದೇವರು ಯಾಕೆ ತಡೆಯಲಿಲ್ಲ ಎಂಬ ಪ್ರಶ್ನೆ ಹಾಗೇ ಉಳಿದಿದೆ. ಉತ್ತರ ಇಲ್ಲದ ಕಡೆ ಅವರು ಒಂದು ಜೊತೆಯನ್ನು ಇಟ್ಟರು. ಹಸಿವಿನಿಂದ ಊದಿಕೊಂಡ ಮಕ್ಕಳು ಬೀದಿಯಲ್ಲಿ ಬಿದ್ದಿರುವ ಊರಿನಲ್ಲಿ ಇದಕ್ಕಿಂತ ಹೆಚ್ಚು ಹೇಳುವುದು ಸುಳ್ಳಾಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಈಗ ಆ ಟಿಪ್ಪಣಿಯ ವಿಷಯ.

1941ರ ಡಿಸೆಂಬರ್‌ನ ಹನುಕ್ಕಾ ಹಬ್ಬದಲ್ಲಿ ಅವರು ಒಂದು ಪ್ರವಚನ ಕೊಟ್ಟಿದ್ದರು. ಜನರ ನಂಬಿಕೆ ಅಲುಗಾಡುತ್ತಿತ್ತು. ಇಂಥ ಕಷ್ಟ ಹಿಂದೆಂದೂ ಬಂದಿಲ್ಲ ಎನ್ನುತ್ತಿದ್ದರು. ರೆಬ್ಬೆ ಅವರನ್ನು ತಡೆದರು. ಜೆರುಸಲೇಮಿನ ದೇವಾಲಯ ನಾಶವಾದಾಗ ಇಂಥದ್ದೇ ಆಗಿತ್ತು, ರೋಮನ್ನರ ಎದುರು ಬೇತಾರ್ ಕೋಟೆ ಬಿದ್ದಾಗಲೂ ಆಗಿತ್ತು, ಪುಸ್ತಕದಲ್ಲಿ ಅದನ್ನು ಓದಿದಾಗ ನಿಮ್ಮ ನಂಬಿಕೆ ಅಲುಗಲಿಲ್ಲ, ಈಗ ಯಾಕೆ ಅಲುಗಬೇಕು ಎಂದು ಕೇಳಿದರು. ಸ್ವಲ್ಪ ಗದರುವ ಧಾಟಿಯೇ ಇತ್ತು. ಗುರುವಿನ ಕೆಲಸ ಅದು. ಜನರನ್ನು ಹಿಡಿದು ನಿಲ್ಲಿಸಬೇಕಿತ್ತು.

ಅವರ ಕೊನೆಯ ಪ್ರವಚನ 1942ರ ಜುಲೈ 18ರದು. ನಾಲ್ಕು ದಿನ ಕಳೆದು, ಜುಲೈ 22ರಂದು, ಜರ್ಮನ್ನರು ಗೆಟ್ಟೊದಿಂದ ಜನರನ್ನು ರೈಲಿಗೆ ತುಂಬಲು ಶುರು ಮಾಡಿದರು. ಸೆಪ್ಟೆಂಬರ್‌ವರೆಗೆ ಸುಮಾರು ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಟ್ರೆಬ್ಲಿಂಕಾ ಎಂಬ ಕೊಲೆಶಿಬಿರಕ್ಕೆ ಒಯ್ದು ವಿಷದ ಗಾಳಿಯಲ್ಲಿ ಕೊಂದರು. ಆಗಸ್ಟ್‌ನಲ್ಲಿ ಮಗಳು ರೆಖಿಲ್‌ಳನ್ನೂ ಹಿಡಿದುಕೊಂಡು ಹೋದರು. ಪ್ರವಚನ ಕೇಳಲು ಬರುತ್ತಿದ್ದ ಬಹುಪಾಲು ಜನರೇ ಇನ್ನಿರಲಿಲ್ಲ. ಉಳಿದ ರೆಬ್ಬೆ ಜರ್ಮನ್ನರ ಶೂ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದರು.

ಆ ನವೆಂಬರ್ ಕೊನೆಯಲ್ಲಿ ಅವರು ಹಳೆಯ ಹಾಳೆ ತೆಗೆದು ಹನುಕ್ಕಾ ಪ್ರವಚನದ ಕೆಳಗೆ ಬರೆದರು. ಮೇಲೆ ಹೇಳಿದ್ದು ಆವರೆಗಿನ ಕಷ್ಟಗಳಿಗೆ ಮಾತ್ರ ಸಲ್ಲುತ್ತದೆ. ಆ ಯಹೂದಿ ವರ್ಷದ ಕೊನೆಯ ಭಾಗದಿಂದ, ಅಂದರೆ 1942ರ ಮಧ್ಯದಿಂದ, ಈ ಕೊಲೆಗಾರರು ನಮಗಾಗಿ ಕಂಡುಹಿಡಿದ ಸಾವುಗಳಂಥವು, ಹಿರಿಯರ ಮಾತುಗಳಲ್ಲಿ ಮತ್ತು ನಮ್ಮ ಇತಿಹಾಸದಲ್ಲಿ ನನಗೆ ತಿಳಿದಮಟ್ಟಿಗೆ ಹಿಂದೆಂದೂ ಇರಲಿಲ್ಲ. ಟಿಪ್ಪಣಿಯ ತಿರುಳು ಇದು. ದೇವರು ಕಣ್ಣು ಮಿಟುಕಿಸುವಷ್ಟರಲ್ಲಿ ನಮ್ಮನ್ನು ಪಾರುಮಾಡಲಿ ಎಂಬ ಬೇಡಿಕೆಯೂ ಜೊತೆಗಿದೆ.

ಹಳೆಯದನ್ನು ಹರಿದು ಹಾಕಬಹುದಿತ್ತು. ಹರಿಯಲಿಲ್ಲ. ಹಾಗೇ ಬಿಡಬಹುದಿತ್ತು, ಹಿಂದೆಯೂ ಆಗಿತ್ತು ಎಂಬ ಮಾತು ಸಾಂತ್ವನವಾಗಿ ಉಳಿಯುತ್ತಿತ್ತು. ಬಿಡಲಿಲ್ಲ. ತಾನು ಹೇಳಿದ್ದು, ಆಮೇಲೆ ಕಂಡದ್ದು ಎರಡೂ ಒಂದೇ ಪುಟದಲ್ಲಿರಲಿ ಎಂದು ಬಿಟ್ಟರು. ಧರ್ಮದ ಹೆಸರಿನಲ್ಲಿ ಮಾತಾಡುವವರು ಇಷ್ಟು ನೆಟ್ಟಗೆ ತಮ್ಮ ಮಾತನ್ನು ತಿದ್ದಿಕೊಂಡದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ವಿದ್ವಾಂಸರಲ್ಲಿ ಇದರ ಬಗ್ಗೆ ಜಗಳವಿದೆ. ಇದು ನಂಬಿಕೆ ಮುರಿದುಬಿದ್ದ ಗಳಿಗೆ ಎನ್ನುವವರಿದ್ದಾರೆ. ಇಲ್ಲ, ನಂಬಿಕೆ ಕೊನೆಯವರೆಗೂ ಗಟ್ಟಿಯಾಗಿತ್ತು ಎನ್ನುವವರೂ ಇದ್ದಾರೆ. ನನಗೆ ಎರಡೂ ಕಡೆಯವರ ಆತುರ ಒಂದೇ ಥರ ಕಾಣುತ್ತದೆ. ಮುರಿಯಿತು ಎಂದರೆ ಒಂದು ಬಣಕ್ಕೆ ಖುಷಿ, ಮುರಿಯಲಿಲ್ಲ ಎಂದರೆ ಇನ್ನೊಂದಕ್ಕೆ. ಆ ಪುಟದಲ್ಲಿ ಕಾಣುವುದು ಬೇರೆ. ನನಗೆ ತಿಳಿದದ್ದನ್ನೆಲ್ಲ ಈ ಘಟನೆ ಮೀರಿದೆ ಎಂದು ಬರೆದ ಅದೇ ಕೈ ದೇವರನ್ನು ಕರೆಯುತ್ತಿದೆ. ದೇವರನ್ನು ಕಾಪಾಡಲು ಅವರು ಸುಳ್ಳು ಹೇಳಲಿಲ್ಲ. ಸತ್ಯ ಹೇಳುವುದಕ್ಕಾಗಿ ದೇವರನ್ನು ಬಿಡಲೂ ಇಲ್ಲ. ನಾವು ಯಾಕೆ ಅವರ ಪರವಾಗಿ ಒಂದನ್ನು ಆರಿಸಬೇಕು?

1943ರ ಜನವರಿ 3ರ ತಾರೀಖಿನ ಒಂದು ಪತ್ರ ಇದೆ. ಈ ಬರಹಗಳು ಯಾರ ಕೈಗೆ ಸಿಕ್ಕರೂ ದಯವಿಟ್ಟು ಟೆಲ್ ಅವೀವ್‌ನಲ್ಲಿರುವ ನನ್ನ ತಮ್ಮ ಯೆಶಾಯಾಹುಗೆ ತಲುಪಿಸಿ ಎಂಬ ಬಿನ್ನಹ. ಇತಿಹಾಸಕಾರ ಎಮಾನುಯೆಲ್ ರಿಂಗೆಲ್‌ಬ್ಲುಮ್ ಮತ್ತು ಸಂಗಡಿಗರು ಓನೆಗ್ ಶಬ್ಬಾತ್ ಎಂಬ ಗುಪ್ತ ಹೆಸರಿನಲ್ಲಿ ಗೆಟ್ಟೊದ ಬದುಕನ್ನೆಲ್ಲ ದಾಖಲಿಸುತ್ತಿದ್ದರು. ರೆಬ್ಬೆಯ ಹಾಳೆಗಳು ಅವರ ಸಂಗ್ರಹ ಸೇರಿದವು. ಹಾಲಿನ ಕ್ಯಾನಿನಲ್ಲಿಟ್ಟು ನೊವೊಲಿಪ್ಕಿ ಬೀದಿಯ 68ನೇ ನಂಬರಿನ ಕಟ್ಟಡದ ಕೆಳಗೆ ಹೂತರು. 1950ರ ಡಿಸೆಂಬರ್‌ನಲ್ಲಿ ಕಟ್ಟಡದ ಕೆಲಸದವರು ಅಗೆಯುವಾಗ ಅವು ಸಿಕ್ಕಿದವು. ಅಷ್ಟು ಹೊತ್ತಿಗೆ ತಮ್ಮನೂ ತೀರಿಕೊಂಡು ಐದು ವರ್ಷವಾಗಿತ್ತು.

ಗೆಟ್ಟೊ ದಂಗೆ 1943ರ ಏಪ್ರಿಲ್ 19ರಂದು ಶುರುವಾಯಿತು. ಅದನ್ನು ಹೊಸಕಿ ಹಾಕುವ ಹೊತ್ತಿಗೆ ರೆಬ್ಬೆಯನ್ನು ಲುಬ್ಲಿನ್ ಹತ್ತಿರದ ಟ್ರಾವ್ನಿಕಿ ದುಡಿಮೆ ಶಿಬಿರಕ್ಕೆ ಸಾಗಿಸಿದರು. ನವೆಂಬರ್ 3ರಂದು ಆ ಶಿಬಿರದ ಯಹೂದಿಗಳನ್ನೆಲ್ಲ, ಸುಮಾರು ಆರು ಸಾವಿರ ಜನರನ್ನು, ಗುಂಡಿಟ್ಟು ಕೊಂದರು. ರೆಬ್ಬೆಯ ಸಾವೂ ಅಲ್ಲೇ ಆಯಿತು ಎಂದು ಬಹುತೇಕ ಇತಿಹಾಸಕಾರರು ಹೇಳುತ್ತಾರೆ. ಆಗ ಅವರಿಗೆ 54 ವರ್ಷ. ಅವರ ಕೊನೆಯ ಮಾತು ಏನಿತ್ತು ಎಂಬ ಕಥೆ ಕಟ್ಟುವ ಅಗತ್ಯವೇ ನಮಗಿಲ್ಲ. ಅವರು ಹೇಳಬೇಕಾದ್ದನ್ನು ತಮ್ಮ ಕೈಯಲ್ಲೇ ಬರೆದು, ತಿದ್ದಿ, ವಿಳಾಸ ಹಾಕಿ ಇಟ್ಟಿದ್ದರು.

ಆ ಪ್ರವಚನಗಳು 1960ರಲ್ಲಿ ಇಸ್ರೇಲಿನಲ್ಲಿ 'ಎಶ್ ಕೊದೆಶ್', ಅಂದರೆ ಪವಿತ್ರ ಬೆಂಕಿ, ಎಂಬ ಹೆಸರಿನಲ್ಲಿ ಅಚ್ಚಾದವು. 2017ರಲ್ಲಿ ಮೂಲ ಹಸ್ತಪ್ರತಿಯನ್ನು ಪುಟಪುಟವಾಗಿ ಪರೀಕ್ಷಿಸಿದ ಹೊಸ ಆವೃತ್ತಿ ಬಂತು. ಅವರು ಎಲ್ಲಿ ಹೊಡೆದುಹಾಕಿದರು, ಎಲ್ಲಿ ಸೇರಿಸಿದರು ಎಂಬುದು ಈಗ ಕಾಣುತ್ತದೆ. ಇಂಗ್ಲಿಷ್ ಅನುವಾದ ಸಿಗುತ್ತದೆ. ಓದುವುದಾದರೆ ಮೊದಲಿನಿಂದ ಶುರು ಮಾಡಬೇಡಿ, ಯಹೂದಿ ವ್ಯಾಖ್ಯಾನದ ಧಾಟಿ ಪರಿಚಯವಿಲ್ಲದಿದ್ದರೆ ಕಷ್ಟವಾಗುತ್ತದೆ. ಸಾರಾಳ ಪ್ರವಚನ ಓದಿ, ಆಮೇಲೆ 1942ರ ಮಾರ್ಚ್‌ನದು, ಕೊನೆಗೆ 1941ರ ಹನುಕ್ಕಾ ಮತ್ತು ಅದರ ಟಿಪ್ಪಣಿ. ಈ ಮೂರಾದರೂ ಕನ್ನಡಕ್ಕೆ ಬರಬೇಕು ಎಂಬುದು ನನ್ನ ದೊಡ್ಡ ಆಸೆ. ಹೀಬ್ರೂ ಬಲ್ಲ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ಮೆಸೇಜ್ ಮಾಡಿ. ಟೈಪ್ ಮಾಡುವುದು, ಕರಡು ತಿದ್ದುವುದು, ಅಚ್ಚಿಗೆ ಓಡಾಡುವುದು ನನ್ನ ಪಾಲಿಗಿರಲಿ.